ಬೀಗರು ಊಟ ಮಾಡಿದ್ರಾ?

ಬಟ್ಟಲು ಖಾಲಿಯಿತ್ತು. ಒಂದು ಕಾಲಿನ ಚಪ್ಪಲಿ ಬಿಟ್ಟವಳು ಇನ್ನೊಂದನ್ನು ಬಿಡಲು ಮರೆತು ಚಿಕ್ಕವಳು ಬಾಗಿಲಲ್ಲೇ ನಿಂತಳು. ಬೆಳಿಗ್ಗೆ ತಾನೇ ಕಲಸಿಟ್ಟು ಹೋದ ಅನ್ನ, ಅದರೊಳಗೆ ಹಿಸುಕಿ ಹಾಕಿದ್ದ ಬೆಂದ ಮೊಟ್ಟೆ, ಎರಡರಲ್ಲೂ ಒಂದು ಚೂರೂ ಉಳಿದಿರಲಿಲ್ಲ. ನೆಕ್ಕಿ ನೆಕ್ಕಿ ಬಟ್ಟಲಿನ ತಳ ಕನ್ನಡಿಯಾಗಿತ್ತು. ನಾಯಿ ಬಾಲ ಅಲ್ಲಾಡಿಸುತ್ತ ಬಂದು, ಅವಳು ಬಿಡದೆ ಉಳಿದ ಚಪ್ಪಲಿಯನ್ನು ಮೂಸಿ, ಹೊಟ್ಟೆ ತುಂಬಿದವರ ನೆಮ್ಮದಿಯಲ್ಲಿ ಮೂಲೆಯ ಗೋಣಿಚೀಲದ ಮೇಲೆ ಹೋಗಿ ಬಿದ್ದುಕೊಂಡಿತು.

ಬೇರೆಯವರ ಮನೆಯಲ್ಲಾದರೆ ನಾಯಿ ಬಟ್ಟಲು ಖಾಲಿ ಮಾಡಿತೆಂದು ಯಾರೂ ಬಾಗಿಲಲ್ಲಿ ಗರಬಡಿದ ಹಾಗೆ ನಿಲ್ಲುವುದಿಲ್ಲ. ಆದರೆ ಈ ನಾಯಿ ಹುಟ್ಟಿದಾಗಿನಿಂದ ಒಂಟಿಯಾಗಿ ಉಂಡದ್ದೇ ಇಲ್ಲ.

ಅದು ಅಮ್ಮ ಮಾಡಿಸಿದ ಅಭ್ಯಾಸ. ಅಪ್ಪನ ಅಂಗಡಿಯ ಶಟರಿನ ಕೆಳಗೆ ನಡುಗುತ್ತ ಬಿದ್ದಿದ್ದ ಅಂಗೈಯಗಲದ ಮರಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ತಂದವಳು ಅವಳೇ. ತಾನೊಂದು ತುತ್ತು ತಿಂದು, ಅದಕ್ಕೊಂದು ತುತ್ತು ಕೊಟ್ಟು ಬೆಳೆಸಿದಳು. ಮರಿ ಬೆಳೆದು ನಾಯಿಯಾದರೂ ಆ ನೇಮ ಬಿಡಲಿಲ್ಲ. ಮನೆಯವರಲ್ಲಿ ಒಬ್ಬರಾದರೂ ಎದುರಿಗೆ ಕೂತು ತಿನ್ನುವ ತನಕ ಬಟ್ಟಲಿಗೆ ಮೂತಿ ಹಾಕುತ್ತಿರಲಿಲ್ಲ. ಸುಮ್ಮನೆ ಬಾಯಾಡಿಸಿದರೆ ನಂಬುವ ಪೈಕಿಯೂ ಅಲ್ಲ. ಅಪ್ಪ ಎಷ್ಟೋ ಸಲ ಬರಿಗೈಯನ್ನು ಬಾಯಿಗೆ ಒಯ್ದು, ದವಡೆ ಅಲ್ಲಾಡಿಸಿ ನಾಟಕ ಮಾಡಿದ್ದರು. ನಾಯಿ ತಲೆ ಓರೆ ಮಾಡಿಕೊಂಡು ಅವರ ಗಂಟಲನ್ನೇ ನೋಡುತ್ತಿತ್ತು. ಗಂಟಲಲ್ಲಿ ತುತ್ತು ಇಳಿದದ್ದು ಕಂಡ ಮೇಲೆಯೇ ಅದರ ಊಟ ಶುರು.

"ಮದುವೆ ಮನೆಗೆ ಬಂದ ಬೀಗರು ಕಣ್ರೀ ಇವರು," ಅಂತ ಅಮ್ಮ ಒಂದು ದಿನ ನಕ್ಕಿದ್ದಳು. "ಕೈ ಹಿಡಿದು ಕರೆದು, ಪಕ್ಕದಲ್ಲಿ ಕೂತು ನಾವೂ ಉಂಡ್ರೇನೇ ಇವರು ಉಣ್ಣೋದು."

ಬೀಗ ರಿಪೇರಿಯವರ ಮನೆ ನಾಯಿಗೆ ಆ ಹೆಸರು ಹೇಳಿ ಮಾಡಿಸಿದ ಹಾಗಿತ್ತು. ಅಂದಿನಿಂದ ಅದು ಬೀಗರಾಯಿತು. ಸಂಜೆ ಅಂಗಡಿ ಮುಚ್ಚಿ ಬಂದ ಅಪ್ಪ, ಕೈಗಂಟಿದ ಹಿತ್ತಾಳೆ ಪುಡಿ ತೊಳೆಯುವುದಕ್ಕೂ ಮೊದಲು ಕೇಳುವ ಮಾತು ಒಂದೇ: "ಬೀಗರು ಊಟ ಮಾಡಿದ್ರಾ?"

ಅಮ್ಮ ತೀರಿಕೊಂಡ ಮೇಲೆ ನಾಯಿಯ ಪಂಕ್ತಿಗೆ ಕೂರುವ ಕೆಲಸ ಅಕ್ಕನ ಪಾಲಿಗೆ ಬಂತು. ಅಕ್ಕ ಮನೆ ನೋಡಿಕೊಳ್ಳುತ್ತಿದ್ದಳು. ಚಿಕ್ಕವಳು ಟೈಲರ್ ಅಂಗಡಿಯಲ್ಲಿ ದಿನವಿಡೀ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದಳು. ಮಧ್ಯಾಹ್ನ ಅಕ್ಕ ಮತ್ತು ನಾಯಿ ಎದುರುಬದುರು ಕೂತು ಉಣ್ಣುತ್ತಿದ್ದರು. ಚಳಿ ಶುರುವಾಗುವ ಮುಂಚೆ ಒಂದು ದಿನ ಅಕ್ಕ ಹೊರಟುಹೋದಳು.

ಹೋದದ್ದು ಅಪ್ಪನ ಅಂಗಡಿಯಲ್ಲೇ ಕೆಲಸ ಕಲಿತವನ ಜೊತೆ. ಕೈ ಚುರುಕು, ಮಾತು ಇನ್ನೂ ಚುರುಕು. ಅಪ್ಪನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಮನೆಯವರು ಎದುರಿಗಿಲ್ಲದೆ ಯಾವ ಮನೆಯ ಕೀಗೂ ಜೋಡಿ ಮಾಡಿಕೊಡಬಾರದು. ಅವನು ಯಾರೋ ಸೋಪಿನಲ್ಲಿ ಒತ್ತಿ ತಂದ ಅಚ್ಚಿಗೆ ಕೀ ಕೊಯ್ದುಕೊಟ್ಟ. ಆ ಮನೆ ಕಳುವಾಯಿತು. ಪೊಲೀಸರು ಬಂದು ಕೂತದ್ದು ಅಪ್ಪನ ಅಂಗಡಿಯ ಸ್ಟೂಲಿನ ಮೇಲೆ. ಅಪ್ಪ ಅವನನ್ನು ಅವತ್ತೇ ಓಡಿಸಿದರು. "ತಪ್ಪು ಒಪ್ಕೊಂಡಿದ್ದಾನಲ್ಲಪ್ಪಾ," ಎಂದು ಅಕ್ಕ ಅವನ ಪರ ನಿಂತಾಗಲೇ ಅಪ್ಪನಿಗೆ ಅವರಿಬ್ಬರ ವಿಷಯ ತಿಳಿದದ್ದು.

"ಹೋಗು," ಅಂದಿದ್ದರು, ಬೀದಿಗೆಲ್ಲ ಕೇಳುವ ಹಾಗೆ. "ಆದ್ರೆ ಈ ಬಾಗಿಲು ಇನ್ಮೇಲೆ ನಿನ್ನ ಕೀಗೆ ತೆರೆಯಲ್ಲ. ತಿಳ್ಕೋ."

ಅವತ್ತೇ ಸಂಜೆ ಬಾಗಿಲಿನ ಬೀಗ ಕಿತ್ತು, ಹೊಸದೊಂದನ್ನು ತಂದರು. ಅಕ್ಕಪಕ್ಕದವರೆಲ್ಲ ಬಂದು ನೋಡುತ್ತಿದ್ದ ಹಾಗೆಯೇ ಹೊಸಿಲ ಮೇಲೆ ಪೇಪರ್ ಹಾಸಿ, ಹಳೆಯದರ ಹೊಟ್ಟೆಯನ್ನೂ ಹೊಸದರ ಹೊಟ್ಟೆಯನ್ನೂ ಬಿಚ್ಚಿಟ್ಟುಕೊಂಡು ಬಹಳ ಹೊತ್ತು ಕೂತರು. ನೋಡುವವರು ಬೇಸತ್ತು ಹೋದ ಮೇಲೂ ಕೂತಿದ್ದರು. ಕತ್ತಲಾಗುವ ಹೊತ್ತಿಗೆ ಬಾಗಿಲಿನಲ್ಲಿ ಹೊಸ ಹಿತ್ತಾಳೆ ಮುಖ ಹೊಳೆಯಿತು. ಚಿಕ್ಕವಳ ಹಳೇ ಕೀ ವಾಪಸು ಪಡೆದು, ಚೌಕ ತಲೆಯ ಹೊಸ ಕೀ ಕೊಟ್ಟರು. ದುಂಡು ತಲೆಯ ಹಳೇ ಕೀಗಳ ಪೈಕಿ ಅಕ್ಕನದೊಂದು ಮಾತ್ರ ಅಕ್ಕನ ಹತ್ತಿರವೇ ಉಳಿಯಿತು.

ಆಮೇಲೆ ನಾಯಿ ಹಗಲಿನಲ್ಲಿ ಉಣ್ಣುವುದು ನಿಂತಿತು. ಬೆಳಿಗ್ಗೆ ಇಟ್ಟ ಅನ್ನ ಸಂಜೆಗೆ ಇರುವೆ ಮುತ್ತಿಕೊಂಡು ಹಾಗೇ ಇರುತ್ತಿತ್ತು. ಪ್ರಾಣಿಗಳ ಡಾಕ್ಟರು ಹೊಟ್ಟೆ ಅಮುಕಿ, ಕಣ್ಣು ಬಿಡಿಸಿ ನೋಡಿ, "ಕಾಯಿಲೆ ಏನಿಲ್ಲ. ಕೆಲವು ನಾಯಿಗಳು ಒಂಟಿ ಇದ್ರೆ ತಿನ್ನಲ್ಲ. ಜೊತೆ ಬೇಕು," ಎಂದರು. ಅಪ್ಪ ಅದಕ್ಕೆ, "ಅಷ್ಟು ನನಗೂ ಗೊತ್ತು," ಎಂದು ಗೊಣಗಿಕೊಂಡು ಎದ್ದು ಬಂದಿದ್ದರು. ನಾಯಿಯ ಪಕ್ಕೆಲುಬು ಕಾಣತೊಡಗಿತು. ಅಪ್ಪನೂ ರಾತ್ರಿ ಎರಡು ತುತ್ತಿಗೇ ತಟ್ಟೆ ಸರಿಸಿ ಏಳುತ್ತಿದ್ದರು.

ಇವತ್ತು ಬಟ್ಟಲು ಖಾಲಿ.

ಚಿಕ್ಕವಳು ಇನ್ನೊಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅನ್ನದ ಪಾತ್ರೆಯ ಮುಚ್ಚಳ ಸರಿಯಾಗಿಯೇ ಇತ್ತು. ಒಳಗಿನ ಅನ್ನವನ್ನು ಯಾರೋ ಸೌಟಿನ ಬೆನ್ನಿನಿಂದ ನಯವಾಗಿ ಸಮ ಮಾಡಿದ್ದರು. ಮಟ್ಟ ಮಾತ್ರ ಇಳಿದಿತ್ತು. ತಟ್ಟೆಗಳ ಸಾಲಿನಲ್ಲಿ ಅಂಚು ನೆಗ್ಗಿದ ತಟ್ಟೆಯೊಂದರ ಬೆನ್ನಲ್ಲಿ ಇನ್ನೂ ನೀರು. ಬೀಗರು ಉಂಡಿದ್ದಾರೆ ಅಂದರೆ ಎದುರಿಗೆ ಯಾರೋ ಕೂತು ಉಂಡಿದ್ದಾರೆ. ನಾಟಕವಲ್ಲ, ನಿಜವಾಗಿ ನುಂಗಿದ್ದಾರೆ.

ಕಳ್ಳ ಇರಬಹುದೇ ಎಂದುಕೊಂಡಳು. ಆದರೆ ನಾಯಿಯ ಜೊತೆ ಕೂತು ಅನ್ನ ಉಂಡು, ತಟ್ಟೆ ತೊಳೆದಿಟ್ಟು ಹೋಗುವ ಕಳ್ಳನನ್ನು ಯಾರು ಕಂಡಿದ್ದಾರೆ? ಹಾಗಾದರೆ ಅಕ್ಕ. ಹೊಸ ಬೀಗ ಹೇಗೆ ತೆರೆದಳು? ಚಿಕ್ಕವಳಿಗೆ ಭಾವನ ಚುರುಕು ಕೈ ನೆನಪಾಯಿತು, ಸೋಪಿನ ಅಚ್ಚು ನೆನಪಾಯಿತು.

ಅಷ್ಟರಲ್ಲಿ ಅಪ್ಪ ಬಂದರು. ಬಾಗಿಲಲ್ಲೇ ನಿಂತು ಬಟ್ಟಲು ನೋಡಿದರು. "ಬೀಗರು ಊಟ ಮಾಡಿದ್ರಾ?"

"ಹ್ಞೂಂ. ನಾನು... ಮಧ್ಯಾಹ್ನ ಬಂದಿದ್ದೆ ಅಪ್ಪಾ. ಅಂಗಡೀಲಿ ಕರೆಂಟ್ ಇರಲಿಲ್ಲ."

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ. ಅಪ್ಪ ಅವಳ ಕಿವಿಯ ಕಡೆ ನೋಡಲಿಲ್ಲ. "ಒಳ್ಳೇದು," ಎಂದು ಕೈ ತೊಳೆಯಲು ಹೋದರು. ಅವತ್ತು ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮೂರ್ನಾಲ್ಕು ದಿನ ಚಿಕ್ಕವಳು ಹೀಗೇ ತಳ್ಳಿದಳು. ಕಾಜಾ ಹೊಲಿಯುವಾಗ ಸೂಜಿ ಬೆರಳಿಗೆ ಚುಚ್ಚಿತು. ಆಸ್ಪತ್ರೆಯವರ ಬಿಳಿ ಕೋಟಿನ ಮೇಲೆ ರಕ್ತದ ಚುಕ್ಕೆ ಬಿದ್ದು ಟೈಲರಮ್ಮನಿಂದ ಬೈಸಿಕೊಂಡಳು. "ಕಣ್ಣು ಎಲ್ಲಿಟ್ಟಿದ್ದೀಯೇ? ಬಾಯಂತೂ ಇಲ್ಲ ನಿಂಗೆ, ಕಣ್ಣಾದ್ರೂ ಇರ್ಲಿ." ಕೊನೆಗೆ ಒಂದು ಮಧ್ಯಾಹ್ನ ತಲೆನೋವೆಂದು ಹೇಳಿ ಹೊರಟಳು.

ಕಿಟಕಿಯ ಒಂದು ಬಾಗಿಲು ಅರೆ ತೆರೆದಿತ್ತು. ಒಳಗಿನಿಂದ ಮಾತು ಕೇಳಿಸಿತು.

"ನೋಡಿ, ನಾನು ತಿಂದೆ. ಇನ್ನು ನೀವು ತಿನ್ನಿ. ಅಯ್ಯೋ, ಅದೇನು ಗಂಟಲು ನೋಡೋದು? ನುಂಗಿದೀನಿ ಮಾರಾಯ್ರೇ, ನುಂಗಿದೀನಿ."

ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅಂಚು ನೆಗ್ಗಿದ ಅಮ್ಮನ ತಟ್ಟೆ ತೊಡೆಯ ಮೇಲೆ. ಬೇಗ ಬೇಗ ತಿನ್ನುತ್ತಿದ್ದಳು. ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ ಒಂದು ತುತ್ತು ಗಂಟಲಿಳಿಯುವ ಮೊದಲೇ ಇನ್ನೊಂದು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಕೈಗಳು ನೀರಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕಾಗಿದ್ದವು.

ಚಿಕ್ಕವಳು ಬಾಗಿಲು ತಳ್ಳಿದಳು. ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು.

"ನಾನೇ," ಅಂದಳು ಚಿಕ್ಕವಳು.

"ಜೀವ ಹೋಯ್ತು ಕಣೇ!" ಅಕ್ಕ ಉಸಿರು ಬಿಟ್ಟಳು. ಆಮೇಲೆ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿ, "ಬೀಗರಿಗೋಸ್ಕರ ಒಂದು ತುತ್ತು ತಿಂತಿದ್ದೆ. ನಾನು ತಿನ್ನದೆ ಇವರು ಮುಟ್ಟಲ್ಲವಲ್ಲ," ಅಂದಳು.

"ಗೊತ್ತು. ತಿನ್ನು."

"ಸಾಕಾಯ್ತು."

"ತಿನ್ನಕ್ಕಾ. ಇನ್ನೂ ಅವರದ್ದು ಮುಗಿದಿಲ್ಲ ನೋಡು." ನಾಯಿಯ ಬಟ್ಟಲಿನಲ್ಲಿ ಅರ್ಧ ಉಳಿದಿತ್ತು. ಅಕ್ಕ ತಟ್ಟೆ ಹತ್ತಿರ ಎಳೆದುಕೊಂಡಳು.

ವಿಷಯವೆಲ್ಲ ತುಂಡು ತುಂಡಾಗಿ ಹೊರಗೆ ಬಂತು. ಭಾವ ಬೇರೆ ಊರಿನಲ್ಲಿ ಕೆಲಸ ನೋಡಿಕೊಂಡು ಬರುತ್ತೇನೆಂದು ಹೋದವನು ಬಂದಿಲ್ಲ. ಫೋನ್ ತೆಗೆಯುವುದಿಲ್ಲ. ಇದ್ದ ಕೋಣೆ ಬಿಡಬೇಕಾಯಿತು. ಅಕ್ಕ ಈಗ ಲಾಡ್ಜಿನ ಹಿಂದಿನ ಲಾಂಡ್ರಿಯಲ್ಲಿ ಹೊದಿಕೆ, ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಅಲ್ಲೇ ಅಟ್ಟದ ಮೇಲೆ ಮಲಗುತ್ತಾಳೆ. ಮಧ್ಯಾಹ್ನ ಬಟ್ಟೆ ಒಣಗುವ ಹೊತ್ತಿನಲ್ಲಿ ಬಿಡುವು.

"ಒಳಗೆ ಹೇಗೆ ಬಂದೆ? ಭಾವ ಕೀ ಮಾಡಿಕೊಟ್ಟಿದ್ದಾ?"

"ಥೂ! ಅವನಿಗೆ ನಾನು ಇಲ್ಲಿಗೆ ಬರೋದೂ ಗೊತ್ತಿಲ್ಲ." ಅಕ್ಕ ದುಂಡು ತಲೆಯ ಹಳೇ ಕೀಯನ್ನು ನೆಲದ ಮೇಲಿಟ್ಟಳು. "ಕಿಟಕೀಲಿ ಬೀಗರ ಮುಖ ನೋಡಿಕೊಂಡು ಹೋಗೋಣ ಅಂತ ಬಂದೆ. ಇವರು ಒಳಗಿಂದ ಬಾಗಿಲು ಕೆರೆಯೋಕೆ ಶುರು ಮಾಡಿದ್ರು. ಕೈಗೆ ಅಭ್ಯಾಸ ನೋಡು, ಯೋಚನೆ ಮಾಡದೇನೇ ಕೀ ಹಾಕ್ತು. ತಿರುಗಿಬಿಡ್ತು."

"ಬೀಗ ಹೊಸದಲ್ವಾ?"

"ಸಿಟ್ಟಲ್ಲಿ ಮಾಡಿದ ಕೆಲಸ. ಎಲ್ಲೋ ಸಡಿಲ ಬಿಟ್ಟಿರ್ತಾರೆ." ಅಕ್ಕ ಚಿಕ್ಕವಳ ಮಣಿಕಟ್ಟು ಹಿಡಿದಳು. ಒದ್ದೆ ಕೈ ಐಸಿನ ಹಾಗಿತ್ತು. "ಅಪ್ಪನಿಗೆ ಹೇಳಬೇಡ ಕಣೇ. ಗೊತ್ತಾದ್ರೆ ಅವತ್ತೇ ಬಿಗಿ ಮಾಡ್ತಾರೆ. ಆಮೇಲೆ ನಂಗೆ ಇದೂ ಇಲ್ಲ."

"ಅಪ್ಪನ ಹತ್ರ ಬಂದು ಒಂದು ಮಾತು ಹೇಳಿದ್ರೆ..."

"ಏನಂತ? ನೀವು ಹೇಳಿದ್ದೇ ಸರಿ ಇತ್ತು ಅಂತಾನಾ?" ಅಕ್ಕ ನಗಲು ಹೋದಳು. ಬರಲಿಲ್ಲ. ನಾಯಿ ಬಟ್ಟಲು ಮುಗಿಸಿ ಬಂದು ಅವಳ ಮಡಿಲಿನಲ್ಲಿ ತಲೆಯಿಟ್ಟಿತು.

ಅಂದಿನಿಂದ ಗುಟ್ಟು ಕಾಯುವುದು ಚಿಕ್ಕವಳ ಇನ್ನೊಂದು ಕೆಲಸವಾಯಿತು. ಬಾಯಿ ಕಮ್ಮಿಯವಳಿಗೆ ಅದು ಕಷ್ಟವಾಗಬಾರದಿತ್ತು. ಆದರೆ ಬಾಯಿ ಮುಚ್ಚಿಕೊಂಡಿರುವುದು ಬೇರೆ, ಬಚ್ಚಿಡುವುದು ಬೇರೆ. ಅಪ್ಪ ಬಾಗಿಲ ಹತ್ತಿರ ಎರಡು ಕ್ಷಣ ಜಾಸ್ತಿ ನಿಂತರೂ ಅವಳು ಊಟಕ್ಕೆಂದು ಒಳಗೆ ಕರೆಯುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಬೀಗದ ಸದ್ದು ಕೇಳಿಯೇ ಒಳಗಿನ ಯಾವ ಲಿವರ್ ಸವೆದಿದೆ ಎಂದು ಹೇಳುವ ಮನುಷ್ಯ. ಅವರು ಇನ್ನೂ ಎಷ್ಟು ದಿನ ಮೋಸ ಹೋದಾರು?

ಅಪ್ಪ ಮಾತ್ರ ನಾಯಿಯ ಚಿಂತೆಯಲ್ಲಿದ್ದರು. "ಬೀಗರು ಬಡವಾಗಿದ್ದಾರೆ. ನಾಳೆಯಿಂದ ಒಂದು ಲೋಟ ಅಕ್ಕಿ ಜಾಸ್ತಿ ಹಾಕು," ಅಂದರು ಒಂದು ದಿನ. ಇನ್ನೊಂದು ದಿನ, "ಒಂದು ಮೊಟ್ಟೆ ಎಲ್ಲಿಗೆ ಸಾಕಾಗುತ್ತೆ? ಎರಡು ಬೇಯಿಸು. ಒಂದನ್ನ ಕಲಸಬೇಡ, ಹಾಗೇ ಇಡು." ಬಡವಾಗಿದ್ದ ಬೀಗರು ಅಷ್ಟರಲ್ಲಿ ದಿಂಬಿನ ಹಾಗೆ ಊದಿಕೊಂಡಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕವಳು ಅಕ್ಕಿ ಹಾಕಿದಳು, ಮೊಟ್ಟೆ ಬೇಯಿಸಿದಳು. ಅಕ್ಕನಿಗೆ ಅನುಕೂಲವೇ ಆಯಿತಲ್ಲ ಎಂದುಕೊಂಡಳು, ಅಪ್ಪನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದೂ ಮರುಗಿದಳು.

ಗುಟ್ಟು ಕೆಟ್ಟದ್ದು ಮಹಡಿ ಆಂಟಿಯಿಂದ. ಮೇಲಿನ ಮನೆಯ ಅವರು ಬೀದಿಗೆ ಬೀಳುವ ಸೂಜಿಯ ಸದ್ದನ್ನೂ ಬಿಡುವವರಲ್ಲ. ಅಪ್ಪ ಆ ಸಂಜೆ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕೊಡವುತ್ತಿದ್ದಾಗ ಆಂಟಿ ಮೇಲಿನ ಕಂಬಿಗೆ ಎದೆಯೊತ್ತಿ ಬಗ್ಗಿದರು.

"ಬೀಗದವರೇ, ತಪ್ಪು ತಿಳ್ಕೋಬೇಡಿ. ಮಧ್ಯಾಹ್ನ ನಿಮ್ಮನೇಲಿ ಪಾತ್ರೆ ಸದ್ದಾಗುತ್ತೆ. ನೀವು ಅಂಗಡೀಲಿ, ಚಿಕ್ಕವಳು ಟೈಲರ್ ಹತ್ರ. ನಾಯಿ ಏನಾದ್ರೂ ಪಾತ್ರೆ ತೊಳೆಯೋದು ಕಲಿತಿದೆಯಾ?"

"ಕಲಿತಿದ್ರೆ ಒಳ್ಳೇದೇ. ನಿಮ್ಮನೆಗೂ ಕಳಿಸ್ತೀನಿ."

"ತಮಾಷೆ ಅಲ್ಲ ಇದು. ಬೀಗ ರಿಪೇರಿಯವರ ಮನೆಗೇ ಯಾರೋ ನುಗ್ತಾರೆ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ? ಒಂದ್ಸಲ ಪೊಲೀಸ್ರು ಬಂದು ಕೂತು ಹೋಗಿದ್ದು ಸಾಲ್ದಾ ನಿಮ್ಮ ಅಂಗಡಿಗೆ?"

ಒಳಗೆ ಒಲೆಯ ಮುಂದಿದ್ದ ಚಿಕ್ಕವಳು ಉರಿ ಸಣ್ಣ ಮಾಡಿ ಕಿವಿಗೊಟ್ಟಳು. ಆಮೇಲೆ ಅಪ್ಪನ ಸ್ವರ ಬಂತು, ಗಟ್ಟಿಯಾಗಿ, ಅಕ್ಕ ಹೋದ ದಿನ ಇದ್ದಷ್ಟೇ ಗಟ್ಟಿಯಾಗಿ. "ನೋಡ್ತೀನಿ. ಈಗಲೇ ನೋಡ್ತೀನಿ."

ಹೊಸಿಲ ಮೇಲೆ ಮತ್ತೆ ಪೇಪರ್ ಹಾಸಿದರು. ಸ್ಕ್ರೂಗಳು ಒಂದೊಂದಾಗಿ ಬಾಟಲಿ ಮುಚ್ಚಳದಲ್ಲಿ ಬಿದ್ದ ಸದ್ದು ಕೇಳಿಸಿತು. ಚಿಕ್ಕವಳು ಅಡುಗೆ ಮನೆಯಿಂದ ಹೊರಗೆ ಬರಲಿಲ್ಲ. ಅರ ಉಜ್ಜುವ ಸದ್ದು, ಊದುವ ಸದ್ದು, ಮತ್ತೆ ಅರದ ಸದ್ದು. ಒಂದೊಂದು ಉಜ್ಜಿಗೂ ಅಕ್ಕನ ತಟ್ಟೆಯಿಂದ ಒಂದೊಂದು ತುತ್ತು ಕಡಿಮೆಯಾದ ಹಾಗೆ ಅವಳಿಗೆ ಅನಿಸುತ್ತಿತ್ತು. ಹೊರಗೆ ಓಡಿ ಹೋಗಿ, 'ಬೇಡಪ್ಪಾ, ಬರೋದು ಅಕ್ಕ' ಎನ್ನಬೇಕೆಂದು ಎರಡು ಸಲ ಬಾಗಿಲ ತನಕ ಹೋದಳು. ಕಂಬಿಗೆ ಆತುಕೊಂಡ ಆಂಟಿಯ ಮುಖ ಕಾಣಿಸಿ ಎರಡು ಸಲವೂ ಒಲೆಯ ಮುಂದಕ್ಕೇ ಮರಳಿದಳು. ಬೀದಿಗೆ ಕೇಳುವ ಹಾಗೆ ಅಕ್ಕನ ಹಸಿವನ್ನು ಹೇಳುವುದು ಹೇಗೆ?

"ಆಯ್ತು ನೋಡಿ," ಅಪ್ಪ ಮೇಲಕ್ಕೆ ನೋಡಿ ಹೇಳಿದರು. "ಇನ್ನು ಯಾರು ಬೇಕಾದ್ರೂ ಬಂದು ನೋಡ್ಕೊಳ್ಲಿ, ಬೀಗ ಗಟ್ಟಿ ಇದೆ."

"ಹಾಗೆ ಹೇಳಿ!" ಎಂದು ಆಂಟಿ ಸಮಾಧಾನದಿಂದ ಒಳಗೆ ಹೋದರು.

ಬೆಳಿಗ್ಗೆ ಅಪ್ಪ ಮುಖ ತೊಳೆಯುತ್ತಿದ್ದಾಗಲೇ ಚಿಕ್ಕವಳು ಕೆಲಸ ಜಾಸ್ತಿಯಿದೆ ಎಂದು ಹೊರಟುಬಿಟ್ಟಳು. ಹೊಸ ಕೀ ಕೊಡಿ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಸಂಜೆ ಅಪ್ಪ ಬರುವ ತನಕ ಮೆಟ್ಟಿಲ ಮೇಲೆ ಕೂತರಾಯಿತು ಎಂದುಕೊಂಡಳು. ನೇರ ಹೋದದ್ದು ಲಾಡ್ಜಿನ ಹಿಂದಿನ ಓಣಿಗೆ.

ಲಾಂಡ್ರಿಯೊಳಗೆ ಹಬೆ ತುಂಬಿತ್ತು. ಸೋಡಾ ಪುಡಿಯ ವಾಸನೆಗೆ ಕಣ್ಣು ಉರಿಯಿತು. ಅಕ್ಕ ಒಬ್ಬಳೇ ದೊಡ್ಡ ಬಿಳಿ ಹಾಸುಬಟ್ಟೆಯನ್ನು ಮಡಿಸಲು ಹೆಣಗುತ್ತಿದ್ದಳು. ಚಿಕ್ಕವಳು ಇನ್ನೊಂದು ತುದಿ ಹಿಡಿದಳು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಮಡಿಸುತ್ತಿದ್ದ ಹಾಗೆ ಇಬ್ಬರೂ ಎಳೆದು, ಹತ್ತಿರ ಬಂದು, ತುದಿ ಕೂಡಿಸಿದರು. ಹಾಗೆ ಹತ್ತಿರ ಬಂದಾಗ ಚಿಕ್ಕವಳು ಹೇಳಿದಳು.

"ಅಪ್ಪ ಬೀಗ ಬಿಚ್ಚಿ ಸರಿ ಮಾಡಿದ್ರು. ನಿನ್ನೆ. ಇವತ್ತು ಬರಬೇಡ. ಮಹಡಿ ಆಂಟಿ ಕಂಬಿ ಹತ್ರಾನೇ ಕಾಯ್ತಿರ್ತಾರೆ. ನೀನು ಕೀ ಹಾಕಿ, ಅದು ತಿರುಗದೆ..."

ಅಕ್ಕ ಬಟ್ಟೆಯ ತುದಿಯನ್ನು ಒಂದು ಸಲ ಕೊಡವಿದಳು. "ಒಳ್ಳೇದೇ ಆಯ್ತು ಬಿಡು. ನಂಗೂ ಮಧ್ಯಾಹ್ನದ ಬಿಸಿಲಲ್ಲಿ ಅಷ್ಟು ದೂರ ನಡೆಯೋದು ಸಾಕಾಗಿತ್ತು."

"ನಾನು ಡಬ್ಬೀಲಿ ತಂದುಕೊಡ್ತೀನಕ್ಕಾ."

"ಬೇಡ." ಮಾತು ಚಾಟಿಯ ಹಾಗೆ ಬಂತು. ತಕ್ಷಣ ಮೆತ್ತಗಾದಳು. "ಬೀಗರಿಗೋಸ್ಕರ ಬರ್ತಿದ್ದೆ ಅಷ್ಟೆ. ಊಟಕ್ಕೆ ಅಂತ ಬರ್ತಿರಲಿಲ್ಲ." ಸೊಂಟಕ್ಕೆ ಸಿಕ್ಕಿಸಿದ್ದ ಗಂಟು ಬಿಚ್ಚಿ ಹಳೇ ಕೀ ತೆಗೆದಳು. ಒಂದು ಕ್ಷಣ ಅಂಗೈಯಲ್ಲಿ ಹಿಡಿದಿದ್ದು ಚಿಕ್ಕವಳ ಕೈಗೆ ಹಾಕಿದಳು. "ತಗೋ. ತೆರೆಯದ ಬಾಗಿಲಿನ ಕೀ ಇಟ್ಕೊಂಡು ಏನು ಮಾಡ್ಲಿ?"

"ಬೀಗರಿಗೆ ಏನು ಹೇಳ್ಲಿ?"

"ಕಾಯಬೇಡಿ ಅಂತ ಹೇಳು," ಎಂದು ಅಕ್ಕ ಮುಂದಿನ ಹಾಸುಬಟ್ಟೆಯನ್ನು ಎಳೆದುಕೊಂಡಳು. ಅದನ್ನು ಮಡಿಸಲು ಚಿಕ್ಕವಳನ್ನು ಕರೆಯಲಿಲ್ಲ.

ಅವತ್ತಿಡೀ ಚಿಕ್ಕವಳು ಹೊಲಿದ ಕಾಜಾಗಳೆಲ್ಲ ಸೊಟ್ಟಗಾದವು. ಟೈಲರಮ್ಮ ಬೈಯುವುದನ್ನೂ ಬಿಟ್ಟು ಅವಳ ಹಣೆ ಮುಟ್ಟಿ ನೋಡಿದರು. ಸಂಜೆ ಮನೆ ಮುಂದೆ ಬಂದಾಗ ತಲೆಯಲ್ಲಿ ಲಾಂಡ್ರಿಯ ಹಬೆಯೇ ತುಂಬಿತ್ತು. ದಿನಾ ಮಾಡುವ ಹಾಗೆ ಚೀಲದಿಂದ ಚೌಕ ತಲೆಯ ಕೀ ತೆಗೆದು, ಹಾಕಿ, ತಿರುಗಿಸಿ, ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು.

ಕಾಲಿಟ್ಟ ಮೇಲೆ ನಿಂತಳು.

ನಿಧಾನವಾಗಿ ಹಿಂದೆ ಬಂದು ಬಾಗಿಲು ಎಳೆದುಕೊಂಡು ಮತ್ತೆ ಬೀಗ ಹಾಕಿದಳು. ಮತ್ತೆ ತೆರೆದಳು. ನಿನ್ನೆಯ ಕೀಗೆ ಬೀಗ ಬೆಣ್ಣೆಯ ಹಾಗೆ ತಿರುಗಿತು. ತೂತಿನಲ್ಲಿ ಹೊಸ ಎಣ್ಣೆಯ ಹಸಿ ಹೊಳೆಯುತ್ತಿತ್ತು. ಚೀಲದ ತಳದಿಂದ ಅಕ್ಕನ ಕೀ ಹುಡುಕಿ ತೆಗೆದು ಹಾಕಿದಳು. ಅದೂ ತಿರುಗಿತು. ಸಡಿಲವಾಗಿ ಅಲ್ಲ, ಎಲ್ಲೂ ತಡೆಯದೆ, ಇದಕ್ಕೆಂದೇ ಮಾಡಿದ ಹಾಗೆ. ಎರಡೂ ಕೀಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿದಳು. ಒಂದು ದುಂಡು ತಲೆ, ಒಂದು ಚೌಕ ತಲೆ. ಕೆಳಗೆ ಹಲ್ಲುಗಳ ಏರಿಳಿತ ಎರಡರಲ್ಲೂ ಒಂದೇ. ನಡುವೆ ಬೆಳಕು ತೂರುವಷ್ಟೂ ಸಂದಿಲ್ಲ.

ಹಳೆಯದರ ಹೊಟ್ಟೆ, ಹೊಸದರ ಹೊಟ್ಟೆ ಎರಡನ್ನೂ ಬಿಚ್ಚಿಟ್ಟುಕೊಂಡು ಅಪ್ಪ ಅವತ್ತು ಕತ್ತಲಾಗುವ ತನಕ ಕೂತಿದ್ದರು. ಬದಲಾದದ್ದು ಹೊರಗಿನ ಹಿತ್ತಾಳೆ ಮುಖ ಮಾತ್ರ.

ಒಳಗೆ ನಾಯಿ ಎದ್ದು ಬರಲಿಲ್ಲ. ಗೋಣಿಚೀಲದ ಮೇಲೆ ಮಲಗಿ ಬಾಗಿಲನ್ನೇ ನೋಡುತ್ತಿತ್ತು. ಬಟ್ಟಲು ತುಂಬಿತ್ತು. ಅನ್ನ ಒಣಗಿ ಮೇಲೆ ಪೊರೆ ಕಟ್ಟಿತ್ತು. ಗೋಡೆಯ ಬುಡದಿಂದ ಇರುವೆಗಳ ಸಾಲು ಬಂದಿತ್ತು. ಪಾತ್ರೆಯಲ್ಲಿ ಒಂದು ಲೋಟ ಜಾಸ್ತಿ ಹಾಕಿದ ಅಕ್ಕಿಯ ಅನ್ನ, ಅದರ ಮೇಲೆ ಕಲಸದೆ ಇಟ್ಟ ಇಡೀ ಮೊಟ್ಟೆ, ಎಲ್ಲ ಹಾಗೇ ಇತ್ತು.

ಚಿಕ್ಕವಳು ಬಟ್ಟಲು ತೊಳೆದು ಹೊಸ ಅನ್ನ ಕಲಸಿಡುವಷ್ಟರಲ್ಲಿ ಅಪ್ಪ ಬಂದರು. ಇವತ್ತು ಏನೂ ಕೇಳಲಿಲ್ಲ. ತುಂಬಿದ ಬಟ್ಟಲನ್ನೂ ನಾಯಿಯನ್ನೂ ನೋಡಿದರು. ತಟ್ಟೆಗಳ ಸಾಲಿನ ಕಡೆ ನೋಡಿದರು. ಅಲ್ಲಿ ನೆಗ್ಗಿದ ತಟ್ಟೆ ಒಣಗಿತ್ತು.

"ಮಧ್ಯಾಹ್ನ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟರು.

"ತಿಂದಿಲ್ಲಪ್ಪಾ," ಅಂದಳು ಚಿಕ್ಕವಳು.

ಅಪ್ಪ ಕೈ ತೊಳೆಯಲು ಹೋದರು. ಬಹಳ ಹೊತ್ತು ನೀರಿನ ಸದ್ದು ಕೇಳಿಸಿತು. ಬಂದು ನೆಲದ ಮೇಲೆ ಕೂತರು. ಚಿಕ್ಕವಳು ತಟ್ಟೆ ಇಟ್ಟು ಅನ್ನ ಹಾಕಿದಳು. ನಾಯಿ ಎದ್ದು ಬಂದು ತನ್ನ ಬಟ್ಟಲಿನ ಹಿಂದೆ ಕೂತುಕೊಂಡಿತು. ಅಪ್ಪ ಅನ್ನಕ್ಕೆ ಕೈ ಹಾಕಿ ಒಂದು ತುತ್ತು ಮಾಡಿದರು. ಅದನ್ನು ಬಾಯಿಗೆ ಇಡಲಿಲ್ಲ. ಮುರಿದು, ಮತ್ತೆ ತುತ್ತು ಮಾಡಿದರು. ನಾಯಿ ತಲೆ ಓರೆ ಮಾಡಿತು.

ಚಿಕ್ಕವಳು ಎದ್ದಳು. ಚೀಲ ತೆಗೆದುಕೊಳ್ಳಲಿಲ್ಲ. ಅಕ್ಕನ ಕೀಯೊಂದನ್ನೇ ಮುಷ್ಟಿಯಲ್ಲಿ ಹಿಡಿದು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಕೇಳಿದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಕರೆದರೆ ಅಕ್ಕ ಬರುತ್ತಾಳೋ, ಇಲ್ಲವೋ. ಬೆಳಿಗ್ಗೆ ಮುಂದಿನ ಹಾಸುಬಟ್ಟೆಯನ್ನು ಎಳೆದುಕೊಂಡ ಆ ಬಿಳಿಚಿದ ಕೈಗಳು ಕಣ್ಣ ಮುಂದೆ ಬಂದವು.

"ಬ್ಯಾಟರಿ ತಗೊಂಡು ಹೋಗು," ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. "ಲಾಡ್ಜಿನ ಹಿಂದಿನ ಓಣೀಲಿ ದೀಪ ಇಲ್ಲ."

ಗೂಡಿನಲ್ಲಿದ್ದ ಬ್ಯಾಟರಿ ತೆಗೆದುಕೊಂಡು ಅವಳು ಹೊರಗೆ ಬಂದಳು. ಬಾಗಿಲನ್ನು ಎಳೆದುಕೊಳ್ಳಲಿಲ್ಲ. ಮೇಲಿನ ಕಂಬಿಯ ಹತ್ತಿರ ಯಾರೋ ಬಗ್ಗಿದ ಹಾಗಾಯಿತು. ತಲೆ ಎತ್ತಿ ನೋಡಲೂ ಇಲ್ಲ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ತೆರೆದ ಬಾಗಿಲಿನ ಬೆಳಕಿನಲ್ಲಿ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ನಾಯಿಯ ಬಟ್ಟಲು ನೋಡುತ್ತ ಕೂತಿದ್ದರು. ನಾಯಿ ಅವರ ಗಂಟಲನ್ನು ನೋಡುತ್ತ ಕೂತಿತ್ತು.